ನಿಧಾನವಾಗಿ ಬಾಡುವ ಗಿಡ

ಉತ್ತರ ಕೆರೊಲಿನಾದ ಸ್ಯಾಂಡ್‌ಹಿಲ್ಸ್ ಹೆಸರಿಗೆ ತಕ್ಕಂತೆ ಮರಳು ನೆಲ. ಮಳೆ ಕೆಲವು ದಿನ ತಡೆದರೆ ಸಾಕು, ನಡುಹಗಲಿಗೆ ಸೋಯಾಬೀನ್ ಎಲೆಗಳು ಜೋತುಬೀಳುತ್ತವೆ. ಆ ಹೊತ್ತಿನಲ್ಲಿ ಸಾಲುಗಳ ನಡುವೆ ನಡೆದು ಪ್ರತಿ ತಾಕಿಗೂ ಅಂಕ ಕೊಡುವುದು ನನ್ನ ಬೇಸಿಗೆಯ ಕೆಲಸ: ಬಾಡದಿದ್ದರೆ ಸೊನ್ನೆ, ಸತ್ತರೆ ನೂರು. ಅಮೆರಿಕದ ಸಂಶೋಧನೆಯೆಂದರೆ ಹವಾನಿಯಂತ್ರಿತ ಕೊಠಡಿಯೆಂದು ಭಾವಿಸಿ ಬರುವ ಕೃಷಿ ಪದವೀಧರರು ಮೊದಲು ಒಂದು ಒಳ್ಳೆಯ ಟೋಪಿ ಕೊಳ್ಳುವುದು ಲೇಸು.

ಇಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಬೀದರಿನಲ್ಲಿ ರಾತ್ರಿ ಒಂಬತ್ತೂವರೆ. ಕಳೆದ ಆಗಸ್ಟಿನಲ್ಲಿ ಆ ಹೊತ್ತಿಗೆ ಅಪ್ಪನ ಕರೆ ಬಂತು. ಊರಿನಲ್ಲಿ ಮಳೆ ಕೈಕೊಟ್ಟಿತ್ತು. "ಹೊಲ ಬಾಡ್ಲಾಕತ್ತದ. ನೀವು ಹುಡುಕಿದ ಬೀಜ ನಮಗ ಸಿಗ್ತದೇನು?"

ಅಂಥ ಬೀಜ ಇಲ್ಲಿರುವುದು ನಿಜ. ಅಮೆರಿಕದ ಕೃಷಿ ಇಲಾಖೆಯ ತಳಿವಿಜ್ಞಾನಿ ಥಾಮಸ್ ಕಾರ್ಟರ್ ಅವರ ತಂಡ ಸುಮಾರು 2,500 ತಳಿಗಳನ್ನು ಪರೀಕ್ಷಿಸಿದಾಗ ನಿಧಾನವಾಗಿ ಬಾಡುವವು ಸಿಕ್ಕಿದ್ದು ಐದೇ. ಅವುಗಳಲ್ಲಿ ಜಪಾನಿನಿಂದ ಬಂದ ಪಿಐ 416937 ಹೆಸರಾದದ್ದು. ಇಂಥ ಮೂಲದ ತಳಿಗಳು ಬರದಲ್ಲಿ ಎಕರೆಗೆ 4ರಿಂದ 8 ಬುಷೆಲ್, ಅಂದರೆ ಒಂದರಿಂದ ಎರಡು ಕ್ವಿಂಟಾಲ್ ಹೆಚ್ಚು ಕೊಟ್ಟಿವೆ.

ಇದರ ಗುಟ್ಟು ಜಿಪುಣತನ. ಮಧ್ಯಾಹ್ನದ ಒಣಗಾಳಿಗೆ ಉಳಿದ ಗಿಡಗಳು ನೀರನ್ನು ಆವಿಯಾಗಿ ಚೆಲ್ಲುತ್ತಲೇ ಹೋದರೆ, ಇದು ಒಂದು ಮಿತಿಗೆ ಬಂದು ಪತ್ರರಂಧ್ರಗಳನ್ನು ಬಿಗಿಹಿಡಿಯುತ್ತದೆ. ಮಣ್ಣಿನಲ್ಲಿ ಉಳಿದ ಆ ನೀರು ಕಾಯಿ ತುಂಬುವ ಕಾಲಕ್ಕೆ ಒದಗುತ್ತದೆ. ಆದರೆ ರಂಧ್ರ ಬಿಗಿದಾಗ ಇಂಗಾಲದ ಡೈಆಕ್ಸೈಡ್ ಸಹ ಕಡಿಮೆ ಒಳಬರುತ್ತದೆ, ಬೆಳವಣಿಗೆ ಕುಗ್ಗುತ್ತದೆ. ಒಳ್ಳೆಯ ಮಳೆಯ ವರ್ಷ ಈ ಜಿಪುಣತನವೇ ನಷ್ಟವಾದೀತು. ಬರನಿರೋಧಕವೆಂದು ಕೂಗಿ ಮಾರುವವರು ಈ ಮಾತನ್ನು ಹೇಳುವುದು ಕಡಿಮೆ.

ನಮ್ಮ ಅಂಕಗಳು ಕೆಲಸಕ್ಕೆ ಬರುವುದು ಮುಂದಿನ ಹಂತದಲ್ಲಿ. ಬೇಗ ಬಾಡುವ ತಳಿಯನ್ನು ನಿಧಾನವಾಗಿ ಬಾಡುವುದರೊಡನೆ ಸಂಕರಗೊಳಿಸಿ, ನೂರಾರು ಸಂತತಿಗಳ ಡಿಎನ್ಎಯನ್ನು ಅಂಕಗಳೊಡನೆ ಹೋಲಿಸಿದಾಗ, ಗುಣ ಯಾವ ವರ್ಣತಂತುವಿನ ಯಾವ ಭಾಗದಲ್ಲಿದೆಯೆಂಬ ನಕ್ಷೆ ಮೂಡುತ್ತದೆ. ಸೋಯಾಬೀನಿನ 20 ಜೋಡಿ ವರ್ಣತಂತುಗಳ ಜೀನೋಮ್ 2010ರಲ್ಲಿ ಪ್ರಕಟವಾದ ಮೇಲೆ ಈ ಕೆಲಸ ಸುಲಭವಾಯಿತು. ಆದರೆ ಗುಣ ಒಂದೇ ಜೀನಿನಲ್ಲಿಲ್ಲ. ಹಲವು ವರ್ಣತಂತುಗಳಲ್ಲಿ ಚದುರಿದ ತುಣುಕುಗಳು ಸ್ವಲ್ಪಸ್ವಲ್ಪವೇ ನೆರವಾಗುತ್ತವೆ. ಅವನ್ನೆಲ್ಲ ಒಂದೇ ಗಿಡದಲ್ಲಿ ಕೂಡಿಸಬೇಕು.

ಬೀಜ ಸಿಗುವುದಿಲ್ಲವೆಂದು ಅಪ್ಪನಿಗೆ ಹೇಳಲು ಇನ್ನೊಂದು ಕಾರಣವೂ ಇತ್ತು. ಸೋಯಾಬೀನ್ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಇಲ್ಲಿನ ದೀರ್ಘ ಹಗಲಿಗೆ ಹೊಂದಿದ ತಳಿಯನ್ನು ಬೀದರಿನಲ್ಲಿ ಬಿತ್ತಿದರೆ ಗಿಡ ಎತ್ತರವಾಗುವ ಮೊದಲೇ ಹೂ ಬಿಟ್ಟು ಇಳುವರಿ ಸೊರಗುತ್ತದೆ. ನಮ್ಮ ಕಡೆಯ ತಳಿಯೊಡನೆ ಸಂಕರ ಮಾಡಿ, ನಕ್ಷೆಯ ಗುರುತುಗಳಿಂದ ಸಸಿಯಲ್ಲೇ ಆರಿಸಿ, ಹಲವು ಮಳೆಗಾಲ ಪರೀಕ್ಷಿಸಬೇಕು. ಆ ಗುರುತುಗಳು ಬೇರೆ ತಳಿಯಲ್ಲಿ ಇಷ್ಟೇ ಫಲ ಕೊಡುವವೆಂಬ ಖಾತರಿಯೂ ಇಲ್ಲ.

"ಹಾಂಗಾರ ಎಷ್ಟು ವರ್ಷ?"

"ಹತ್ತಾದರೂ ಬೇಕು, ಅಪ್ಪ."

ಸ್ವಲ್ಪ ಹೊತ್ತು ಮಾತಿರಲಿಲ್ಲ. "ಆಯ್ತು, ಈ ಸಲಕ್ಕ ಸ್ಪ್ರಿಂಕ್ಲರ್ ಪೈಪ್ ಬಾಡಿಗಿಗಿ ತರ್ತೀನಿ. ನೀ ಬಿಸಿಲಾಗ ಭಾಳ ನಿಂದ್ರಬ್ಯಾಡ" ಎಂದರು.