ದೊಡ್ಡಳತೆಯ ಪುಟ್ಟ ರೈಲು

ಇಪ್ಪತ್ತೆರಡು ಎಲ್‌ಎಚ್‌ಬಿ ಬೋಗಿ, ಮುಂದೊಂದು ಎಂಜಿನ್ ಸೇರಿದರೆ ನಮ್ಮ ಎಕ್ಸ್‌ಪ್ರೆಸ್ ರೈಲೊಂದರ ಉದ್ದ ಸುಮಾರು 550 ಮೀಟರ್. ಮಾದರಿ ರೈಲಿನ ಹವ್ಯಾಸಿಗಳು ಹೆಚ್ಚಾಗಿ ಬಳಸುವ ಎಚ್‌ಒ ಅಳತೆಗೆ, ಅಂದರೆ ಅಸಲಿನ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು ಆರೂಕಾಲು ಮೀಟರ್ ಆಗುತ್ತದೆ. ಅದಕ್ಕಿಂತ ದೊಡ್ಡದಾದ ಒ ಅಳತೆಗೆ (1:43.5) ಇಳಿಸಿದರೆ 12.6 ಮೀಟರ್. ಬೆಂಗಳೂರಿನ 30×40 ಸೈಟಿನ ಉದ್ದದ ಬದಿ 12.2 ಮೀಟರ್. ಎಂಜಿನ್ ಹಿಂದಿನ ಕಾಂಪೌಂಡಿಗೆ ಮೂತಿ ತಾಗಿಸಿ ನಿಂತರೂ ಕೊನೆಯ ಬೋಗಿಯ ಮುಕ್ಕಾಲು ಪಾಲು ಬೀದಿಯಲ್ಲೇ ಇರುತ್ತದೆ. ಮನೆ ಕಟ್ಟುವ ಮಾತಂತೂ ದೂರವೇ ಉಳಿಯಿತು. ಹೀಗಿದ್ದೂ ದೊಡ್ಡ ಅಳತೆಯ ರುಚಿ ಹತ್ತಿದವರು ಸಣ್ಣದಕ್ಕೆ ಹಿಂದಿರುಗುವುದು ಅಪರೂಪ.

ಯಾಕೆ ಎಂದರೆ ಅವರು ಕಿಟಕಿಯ ಚೌಕಟ್ಟು, ರಿವೆಟ್ಟಿನ ಸಾಲು, ಬಣ್ಣದ ಅಂಚು ಎಂದು ವಿವರಗಳನ್ನು ತೋರಿಸುತ್ತಾರೆ. ನನಗೆ ಕಾಣುವಂತೆ ಅಸಲು ಕಾರಣ ತೂಕ. ಎಚ್‌ಒ ಬಿಟ್ಟು ಒಗೆ ಬಂದರೆ ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿ, ಗಾತ್ರ ಎಂಟು ಪಟ್ಟು. ಸಣ್ಣ ಎಂಜಿನ್ನಿಗೆ ಹಳಿಯ ಮೇಲಿನ ಧೂಳೂ ಒಂದು ತಂಟೆ. ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಕುಣಿಯುತ್ತದೆ, ನಡುವೆ ಮುಗ್ಗರಿಸುತ್ತದೆ. ದೊಡ್ಡದು ತನ್ನ ಭಾರದಿಂದಲೇ ಹಳಿಗೆ ಅಂಟಿ ನಡೆಯುತ್ತದೆ. ಹಳಿಯ ಕೀಲುಗಳ ಮೇಲೆ ಹಾಯುವಾಗ ಟಕಟಕ ಸದ್ದು ಯಾವ ಸ್ಪೀಕರ್ ಇಲ್ಲದೆಯೂ ಕೇಳಿಸುತ್ತದೆ. ವ್ಯಾಗನ್‌ಗಳ ನಡುವಿನ ಮೂರು ಕೊಂಡಿಯ ಸರಪಳಿ ಬರೀ ಅಲಂಕಾರವಲ್ಲ, ಸಣ್ಣ ಕೊಕ್ಕೆ ಹಿಡಿದು ಅದನ್ನು ನಿಜಕ್ಕೂ ಸಿಕ್ಕಿಸಬಹುದು, ಬಿಡಿಸಬಹುದು. ಚಾಳೀಸು ಬಂದ ಮೇಲೆ ಎಷ್ಟೋ ಹವ್ಯಾಸಿಗಳು ದೊಡ್ಡ ಅಳತೆಗೆ ಹೊರಳುವುದು ಇದಕ್ಕೇ.

ಮೊದಮೊದಲು ಎಲ್ಲವೂ ದೊಡ್ಡದೇ ಆಗಿತ್ತು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಆಟದ ರೈಲಿನ ಹಳಿಗಳಿಗೆ ಗೊತ್ತಾದ ಅಳತೆಗಳನ್ನೂ ಸಂಖ್ಯೆಗಳನ್ನೂ ತಂದಿತು. ಒಂದನೇ ಗೇಜ್ ಎಂದರೆ ಎರಡು ಹಳಿಗಳ ನಡುವೆ ಸುಮಾರು 45 ಮಿಲಿಮೀಟರ್. ಅದು ಬಂಗಲೆಯವರ ಮಕ್ಕಳಿಗೆ ಸರಿ. ಮಧ್ಯಮ ವರ್ಗದ ಮನೆಯೊಳಗೆ ರೈಲು ನುಗ್ಗಬೇಕಾದಾಗ 32 ಮಿಲಿಮೀಟರಿನ ಒ ಬಂತು, 1930ರ ದಶಕದಲ್ಲಿ 16.5ರ ಎಚ್‌ಒ ಬಂತು, ಆಮೇಲೆ 9 ಮಿಲಿಮೀಟರಿನ ಎನ್ ಕೂಡ ಬಂತು. ಎಲ್ಲರೂ ಹೀಗೆ ಕುಗ್ಗಿಸುವ ಭರದಲ್ಲಿದ್ದಾಗ, 1968ರಲ್ಲಿ, ನ್ಯೂರೆಂಬರ್ಗಿನ ಲೇಮನ್ ಕಂಪನಿ ಹಳೆಯ 45 ಮಿಲಿಮೀಟರಿಗೇ ಮರಳಿ ಎಲ್‌ಜಿಬಿ ಎಂಬ ರೈಲನ್ನು ಮಾರುಕಟ್ಟೆಗೆ ಬಿಟ್ಟಿತು. ಇಂದು ಜಿ ಅಳತೆ ಎಂದು ಕರೆಯುವುದು ಅದನ್ನೇ.

ಲೇಮನ್‌ನವರ ಜಾಣತನ ಇದ್ದದ್ದು ಲೆಕ್ಕದಲ್ಲಿ. ಅವರು ಆರಿಸಿಕೊಂಡದ್ದು ಅಸಲಿನ 22.5ರಲ್ಲಿ ಒಂದು ಪಾಲು. 45ನ್ನು 22.5ರಿಂದ ಗುಣಿಸಿದರೆ ಒಂದು ಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಅಂದರೆ ಇದು ಬ್ರಾಡ್‌ಗೇಜ್ ರೈಲಿನ ಮಾದರಿಯಲ್ಲ, ಗುಡ್ಡಗಾಡಿನ ಮೀಟರ್ ಗೇಜಿನದು. ಅಂಥ ಗಾಡಿಗಳ ಎಂಜಿನ್ ಗಿಡ್ಡ, ಬೋಗಿ ಗಿಡ್ಡ, ತಿರುವು ಬಿಗಿ. ಹಾಗಾಗಿ ಎಚ್‌ಒದ ಅತಿ ಬಿಗಿ ತಿರುವಿಗೆ 36 ಸೆಂಟಿಮೀಟರ್ ತ್ರಿಜ್ಯ ಬೇಕಾದರೆ ಎಲ್‌ಜಿಬಿಗೆ 60 ಸಾಕಾಯಿತು. ಅಳತೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳೆದರೂ ತಿರುವು ಎರಡು ಪಟ್ಟೂ ಆಗಲಿಲ್ಲ.

ಬೆಂಗಳೂರು–ಮೈಸೂರು ಮಾರ್ಗ ಒಂದು ಶತಮಾನಕ್ಕೂ ಹೆಚ್ಚು ಕಾಲ ಮೀಟರ್ ಗೇಜ್ ಆಗಿದ್ದುದರಿಂದ ಈ ಹಳಿ ನಮಗೂ ಪರಕೀಯವಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಎರಡಡಿ ಗೇಜಿನ ಟ್ರಾಮ್‌ವೇ ಇಷ್ಟವಿದ್ದವರು 1:19ರಲ್ಲಿ ಕೆಲಸ ಮಾಡಿದರೆ ಒ ಗೇಜಿನ 32 ಮಿಲಿಮೀಟರ್ ಹಳಿಯೇ ಸರಿಹೊಂದುತ್ತದೆ. ಹಳಿ ಸಿದ್ಧವಾಗಿ ಸಿಗುತ್ತದೆ. ಗಾಡಿಯನ್ನು ಮಾತ್ರ ಕೈಯಾರೆ ಕಟ್ಟಿಕೊಳ್ಳಬೇಕು.

ಇಷ್ಟು ದೊಡ್ಡದಾದ ಮೇಲೆ ನಿಜವಾದ ಉಗಿಯನ್ನೇ ಓಡಿಸಬಹುದು ಎಂಬುದು ಈ ಹವ್ಯಾಸದ ದೊಡ್ಡ ಸೆಳೆತ. ಬಾಯ್ಲರ್ ಕುಗ್ಗಿದಂತೆ ಅದು ಹಿಡಿಯುವ ನೀರು ಬಹಳ ಬೇಗ ಕಡಿಮೆಯಾಗುತ್ತದೆ, ಬಿಸಿ ಸೋರುವ ಮೈ ಅಷ್ಟು ಬೇಗ ಕಡಿಮೆಯಾಗುವುದಿಲ್ಲ. 2003ರಲ್ಲಿ ಹಾರ್ನ್‌ಬಿ ಕಂಪನಿ ಸಣ್ಣ ಅಳತೆಯಲ್ಲಿ ಉಗಿ ಎಂಜಿನ್ ಮಾಡಿದಾಗ ಹಳಿಯಲ್ಲಿ ವಿದ್ಯುತ್ ಹರಿಸಿ ನೀರು ಕಾಯಿಸಬೇಕಾಯಿತು. ದೊಡ್ಡ ಅಳತೆಗೆ ಆ ಉಪಾಯ ಬೇಡ. ಬಾಯ್ಲರಿಗೆ ಶುದ್ಧ ನೀರು, ಎಣ್ಣೆಯ ಬಟ್ಟಲಿಗೆ ಗಟ್ಟಿ ಸ್ಟೀಮ್ ಆಯಿಲ್, ಟ್ಯಾಂಕಿಗೆ ಬ್ಯುಟೇನ್ ತುಂಬಿಸಿ ಚಿಮಣಿಯ ಬಾಯಿಗೆ ಲೈಟರ್ ಹಿಡಿದರೆ ‘ಭಪ್’ ಎಂದು ಉರಿ ಒಳಕ್ಕೆ ಓಡಿ ಬರ್ನರ್ ಹೊತ್ತಿಕೊಳ್ಳುತ್ತದೆ. ಕೆಲವು ನಿಮಿಷ ಕಾದರೆ ಒತ್ತಡದ ಮುಳ್ಳು ಏಳುತ್ತದೆ. ಕವಾಟ ತೆರೆದಾಗ ಎಂಜಿನ್ ಮೊದಲು ಹೊರಡುವುದಿಲ್ಲ, ಉಗುಳುತ್ತದೆ. ತಣ್ಣಗಿನ ಸಿಲಿಂಡರಿನಲ್ಲಿ ಉಗಿ ನೀರಾಗಿ ನಿಂತದ್ದು ಚಿಮಣಿಯಿಂದ ಎಣ್ಣೆ ಬೆರೆತು ಸಿಡಿಯುತ್ತದೆ, ಬಗ್ಗಿ ನೋಡುತ್ತಿದ್ದವರ ಕನ್ನಡಕಕ್ಕೆ ಹನಿ ತಾಗುತ್ತದೆ. ಕೈಯಿಂದ ಹಿಂದೆ ಮುಂದೆ ನೂಕಿ ಆ ನೀರು ಹೊರಹಾಕಿದರೆ ತಾನಾಗಿ ಚಫ್ ಚಫ್ ಎಂದು ಹೊರಡುತ್ತದೆ. ಎಣ್ಣೆಬಟ್ಟಲಿನ ಕೆಲಸ ಇನ್ನೂ ಸೊಗಸು: ಒಳಬಂದ ಉಗಿ ತಣಿದು ನೀರಾಗಿ ತಳಕ್ಕೆ ಇಳಿಯುತ್ತದೆ, ಮೇಲೆ ತೇಲುವ ಎಣ್ಣೆಯನ್ನು ಹನಿಹನಿಯಾಗಿ ಸಿಲಿಂಡರಿನ ಕಡೆಗೆ ತಳ್ಳುತ್ತದೆ. ಪಂಪೂ ಇಲ್ಲ, ಮೋಟಾರೂ ಇಲ್ಲ.

ಇನ್ನು ಜಾಗ. ಯುರೋಪಿನವರು, ಅಮೆರಿಕದವರು ತೋಟಕ್ಕೆ ಇಳಿದರು. ಬ್ರಿಟನ್ನಿನ ಬೆಕನ್ಸ್‌ಕಾಟ್ ಮಾದರಿ ಹಳ್ಳಿಯಲ್ಲಿ 1929ರಿಂದ ಒಂದನೇ ಗೇಜಿನ ರೈಲು ಬಯಲಲ್ಲೇ ಓಡುತ್ತಿದೆ. ನಮ್ಮ ನಗರಗಳಲ್ಲಿ ಅದಕ್ಕೆ ಬದಲಾಗಿ ತಾರಸಿ ಉಂಟು, ಆದರೆ ಬಿಸಿಲಿನ ಲೆಕ್ಕ ಹಾಕಬೇಕು. ಹತ್ತು ಮೀಟರ್ ಹಿತ್ತಾಳೆ ಹಳಿ ಮೂವತ್ತು ಡಿಗ್ರಿ ಬಿಸಿಯೇರಿದರೆ ಆರು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಕೀಲುಗಳಲ್ಲಿ ಸಂದು ಬಿಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಹಳಿ ಸೊಟ್ಟಗಾಗುತ್ತದೆ. ಹಳಿ ಕಪ್ಪಿಟ್ಟು ವಿದ್ಯುತ್ ಹಾಯದಿರುವ ಕಾಟ ತಪ್ಪಿಸಲು ಈಗ ಹಲವರು ಎಂಜಿನ್ನಿನೊಳಗೇ ಬ್ಯಾಟರಿ ಇಟ್ಟು ರಿಮೋಟಿನಿಂದ ಓಡಿಸುತ್ತಾರೆ.

ತಾರಸಿಯೂ ಇಲ್ಲದವರು ತಲೆ ಎತ್ತಿ ನೋಡಬಹುದು. ಬಾಗಿಲಿನ ಚೌಕಟ್ಟಿನ ಮೇಲೆ, ಸಜ್ಜೆಯ ಎತ್ತರದಲ್ಲಿ, ಗೋಡೆಗುಂಟ ಗೇಣಗಲದ ಹಲಗೆ ಹೊಡೆದರೆ 10×12 ಅಡಿ ಕೋಣೆಯಲ್ಲೂ ಜಿ ಅಳತೆಯ ರೈಲು ಸುಮಾರು ನಲವತ್ತು ಅಡಿ ಸುತ್ತು ಹಾಕುತ್ತದೆ. ನೋಡಲು ಚಂದವೇ. ಆದರೆ ಸುತ್ತುವ ರೈಲು ಎಷ್ಟು ಹೊತ್ತು ನೋಡಿದರೂ ಸುತ್ತುತ್ತಲೇ ಇರುತ್ತದೆ, ಮಾಡಲು ನಮಗೆ ಕೆಲಸವಿರುವುದಿಲ್ಲ.

ನನ್ನ ಓಟು ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ಗೆ. ಸಣ್ಣ ಅಳತೆಗೆಂದು ಹುಟ್ಟಿದ ಈ ನಕ್ಷೆಯನ್ನು ಒ ಅಳತೆಗೆ ಹಿಗ್ಗಿಸಿದರೂ ಏಳೆಂಟು ಅಡಿ ಉದ್ದದ ಹಲಗೆ ಸಾಕು. ಎರಡು ಪಾಯಿಂಟ್, ಮೂರು ಕವಲು. ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ನಿಲ್ಲುವ ತುದಿಯಲ್ಲಿ ಅದರ ಜೊತೆಗೆ ಮೂರೇ ವ್ಯಾಗನ್‌ಗೆ ಜಾಗ. ಒಟ್ಟು ಎಂಟು ವ್ಯಾಗನ್‌ಗಳಿಗೆ ಚೀಟಿ ಬರೆದು ಐದನ್ನು ಎತ್ತಬೇಕು, ಬಂದ ಕ್ರಮದಲ್ಲೇ ಆ ಐದನ್ನೂ ಉದ್ದದ ಕವಲಿನಲ್ಲಿ ಜೋಡಿಸಬೇಕು. ಕೈಯಿಂದ ಎತ್ತಿಡುವಂತಿಲ್ಲ. ಶಂಟಿಂಗ್ ಮಾಡುತ್ತ, ಸರಪಳಿ ಬಿಡಿಸಿ ಸಿಕ್ಕಿಸುತ್ತ ಅರ್ಧ ಗಂಟೆ ಎಲ್ಲಿ ಹೋಯಿತು ಗೊತ್ತಾಗುವುದಿಲ್ಲ. ಎಂಟರಲ್ಲಿ ಐದನ್ನು ಆರಿಸಿ ಸಾಲಾಗಿ ನಿಲ್ಲಿಸುವ ಬಗೆಗಳು ಒಟ್ಟು 6,720. ದಿನಕ್ಕೊಂದು ಆಡಿದರೂ ಹದಿನೆಂಟು ವರ್ಷಕ್ಕೆ ಸಾಲುತ್ತದೆ.