ಬ್ರೇಕ್ ಪೈಪಿಗೆ ತೇಪೆ ಯಾಕೆ ಹಾಕಬಾರದು?

ಮನೆಯ ನೀರಿನ ಪೈಪು ತೂತಾದರೆ ಏನು ಮಾಡುತ್ತೇವೆ? ಅಂಟು ಮೆತ್ತುತ್ತೇವೆ, ಇಲ್ಲವೇ ಸೈಕಲ್ ಟ್ಯೂಬಿನ ತುಂಡು ಬಿಗಿದು ಕಟ್ಟುತ್ತೇವೆ. ಸ್ವಲ್ಪ ದಿನ ನಡೆಯುತ್ತದೆ. ಹಳೇ ಮಾರುತಿ 800 ಕಾರಿನ ಬ್ರೇಕ್ ಪೈಪು ಸೋರಿದರೆ ಮಾತ್ರ ಈ ಉಪಾಯ ನಡೆಯೋದಿಲ್ಲ. ಪೈಪನ್ನೇ ಬದಲಾಯಿಸಬೇಕು. ಯಾಕೆ ಅಂತ ತಿಳಿಯಲು ನಿಮ್ಮ ವಿಜ್ಞಾನ ಪಾಠದ ಪಾಸ್ಕಲ್ ನಿಯಮ ಸಾಕು.

ಪಾದದಿಂದ ಚಕ್ರಕ್ಕೆ

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಕುಂದದೆ ಹರಡುತ್ತದೆ. ಇದನ್ನು ಕಂಡುಕೊಂಡವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623–1662).

ಒಂದು ಲೆಕ್ಕ ಮಾಡೋಣ. ಚಾಲಕ ಪೆಡಲನ್ನು 200 ನ್ಯೂಟನ್ ಬಲದಿಂದ ತುಳಿದ ಅಂದುಕೊಳ್ಳಿ. ಪೆಡಲ್ ಒಂದು ಸನ್ನೆ. ಅದು ಬಲವನ್ನು 5 ಪಟ್ಟು ಮಾಡಿದರೆ 1000 ನ್ಯೂಟನ್ ಆಯಿತು. ಈ ಬಲ ಮಾಸ್ಟರ್ ಸಿಲಿಂಡರಿನ 2.5 ಚದರ ಸೆಂ.ಮೀ. ಪಿಸ್ಟನ್ ಮೇಲೆ ಬಿದ್ದರೆ, ಒತ್ತಡ ಪ್ರತಿ ಚದರ ಸೆಂ.ಮೀ.ಗೆ 400 ನ್ಯೂಟನ್. ಚಕ್ರದ ಬಳಿಯ ಪಿಸ್ಟನ್ 16 ಚದರ ಸೆಂ.ಮೀ. ಇದ್ದರೆ ಅಲ್ಲಿ ಸಿಗುವ ಬಲ 6400 ನ್ಯೂಟನ್!

ಈಗ ನಲ್ಲಿಯ ಜೊತೆ ಹೋಲಿಸಿ. 10 ಮೀಟರ್ ಎತ್ತರದ ಟ್ಯಾಂಕಿನಿಂದ ಬರುವ ನೀರಿನ ಒತ್ತಡ ಚದರ ಸೆಂ.ಮೀ.ಗೆ ಸುಮಾರು 10 ನ್ಯೂಟನ್. ಬ್ರೇಕ್ ಪೈಪಿನಲ್ಲಿ ಅದರ 40 ಪಟ್ಟು. ಗಾಬರಿಯಲ್ಲಿ ಜೋರಾಗಿ ತುಳಿದರೆ ಇನ್ನೂ ಹೆಚ್ಚು. ಅಂದರೆ ಬ್ರೇಕ್ ತೀರಾ ಬೇಕಾದ ಗಳಿಗೆಯಲ್ಲೇ ತೇಪೆ ಕಿತ್ತು ಹೋಗುತ್ತದೆ. ಕಾರಿನಲ್ಲಿ ಸಾಮಾನ್ಯವಾಗಿ ಎರಡು ಪ್ರತ್ಯೇಕ ದಾರಿಗಳಿರುವುದರಿಂದ ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ, ನಿಜ. ಆದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ಪೈಪು ಹಾಳಾಗುವುದು ಹೇಗೆ?

ಕಾರಿನ ಅಡಿಯಲ್ಲಿ ಹಾದುಹೋಗುವ ಈ ಪೈಪು ಉಕ್ಕಿನದು. ದಪ್ಪ ಸಾಮಾನ್ಯವಾಗಿ 4.75 ಮಿ.ಮೀ. ಕೆಸರು, ತೇವ, ಕಾಸರಗೋಡಿನಂಥ ಕರಾವಳಿಯಲ್ಲಿ ಉಪ್ಪುಗಾಳಿ ಸೇರಿ ತುಕ್ಕು ಹಿಡಿಯುತ್ತದೆ. ಪೈಪನ್ನು ಹಿಡಿದಿರುವ ಕ್ಲಿಪ್ಪುಗಳ ಕೆಳಗೆ ಮಣ್ಣು ನಿಲ್ಲುವುದರಿಂದ ತುಕ್ಕು ಅಲ್ಲೇ ಹೆಚ್ಚು, ಕಣ್ಣಿಗೆ ಕಾಣೋದೂ ಇಲ್ಲ.

ಬದಲಾಯಿಸುವ ಕ್ರಮ

ಇದು ಕೆಲಸ ಬಲ್ಲ ದೊಡ್ಡವರು ಮಾಡಬೇಕಾದದ್ದು. ನೀವು ಪಕ್ಕದಲ್ಲಿ ನಿಂತು ನೋಡಿ. ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು. ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕನ್ನು ನಂಬಿ ಕಾರಿನ ಅಡಿಗೆ ಯಾರೂ ಹೋಗಕೂಡದು.

ಹಳೇ ಪೈಪಿನ ಉದ್ದವನ್ನು ದಾರದಿಂದ ಅಳೆದು, ಅದೇ ದಪ್ಪದ ಬ್ರೇಕ್ ಪೈಪನ್ನು ಕತ್ತರಿಸುತ್ತಾರೆ. ಉಕ್ಕು ಅಥವಾ ತಾಮ್ರ–ನಿಕಲ್ ಮಿಶ್ರಲೋಹದ ಪೈಪು ಆಗುತ್ತದೆ. ಬರೀ ತಾಮ್ರ ಬೇಡ. ಅದುರಿ ಅದುರಿ ಬಿರುಕು ಬಿಡುತ್ತದೆ. ಮೊದಲು ನಟ್ಟನ್ನು ಪೈಪಿಗೆ ತೂರಿಸಿ, ಆಮೇಲೆ ತುದಿಯನ್ನು ಸಾಧನದಿಂದ ಅರಳಿಸಿ ಒಳಕ್ಕೆ ಮಡಚಬೇಕು. ಎರಡು ಪದರವಾದ ಈ ತುದಿ ನಟ್ಟು ಬಿಗಿದಾಗ ಲೋಹಕ್ಕೆ ಲೋಹ ಒತ್ತಿಕೊಂಡು ಸೋರದಂತೆ ಕೂರುತ್ತದೆ. ತುದಿ ಅರಳಿದ ಮೇಲೆ ನಟ್ಟು ತೂರೋದಿಲ್ಲ! ಬಾಗಿಸುವಾಗ ಪೈಪು ಚಪ್ಪಟೆಯಾಗಬಾರದು. ಹಳೇ ದಾರಿಯಲ್ಲೇ ಕೂರಿಸಿ ಎಲ್ಲ ಕ್ಲಿಪ್ಪುಗಳನ್ನೂ ಹಾಕಬೇಕು.

ಗಾಳಿ ಎಂಬ ಶತ್ರು

ಪೈಪು ಬಿಚ್ಚಿದಾಗ ಒಳಗೆ ಗಾಳಿ ಸೇರುತ್ತದೆ. ದ್ರವ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಗಾಳಿ ಸುಲಭವಾಗಿ ಕುಗ್ಗುತ್ತದೆ. ಆಗ ಪಾದದ ಶ್ರಮವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯುತ್ತಾರೆ. ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸುತ್ತಾರೆ. ಗುಳ್ಳೆ ಸಮೇತ ಆಯಿಲ್ ಟ್ಯೂಬಿನ ಮೂಲಕ ಬಾಟಲಿಗೆ ಬರುತ್ತದೆ. ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು, ಇಲ್ಲದಿದ್ದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಗುಳ್ಳೆ ನಿಲ್ಲುವವರೆಗೆ ಹೀಗೇ ಮಾಡಬೇಕು. ನಡುವೆ ಮೇಲಿನ ಡಬ್ಬಿಯ ಆಯಿಲ್ ಖಾಲಿಯಾಗಬಾರದು.

ತೆಗೆದ ಆಯಿಲನ್ನು ಮತ್ತೆ ಹಾಕಬಾರದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇಕಡ 3.7 ನೀರು ಸೇರಿದಾಗಿನ ಕನಿಷ್ಠ ಮಿತಿ ಬರೀ 140. ವಯನಾಡಿನಿಂದ ತಾಮರಶ್ಶೇರಿ ಘಟ್ಟದ ಒಂಬತ್ತು ತಿರುವು ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಅದರ ಆವಿಯೂ ಗಾಳಿಯ ಹಾಗೇ ಮೋಸ ಮಾಡುತ್ತದೆ. ಈ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಕಣ್ಣಿಗೂ ಕೆಟ್ಟದ್ದು, ಚರಂಡಿಗೆ ಸುರಿಯಲೇಬಾರದು.

ಕೊನೆಗೆ ಪೆಡಲನ್ನು ಒಂದು ನಿಮಿಷ ಬಲವಾಗಿ ತುಳಿದು ಹಿಡಿದು ಪ್ರತಿ ಜೋಡಣೆಯನ್ನೂ ನೋಡಬೇಕು. ಒಂದು ಹನಿ ಕಂಡರೂ ಕಾರು ರಸ್ತೆಗೆ ಇಳಿಯಬಾರದು. ಮೊದಲ ಓಟ ಖಾಲಿ ಜಾಗದಲ್ಲಿ, ನಿಧಾನವಾಗಿ.

ಮಾಡಿ ನೋಡಿ

ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು, ಒಂದು ಚಿಕ್ಕದು ಒಂದು ದೊಡ್ಡದು, ಸಣ್ಣ ಟ್ಯೂಬಿನಿಂದ ಜೋಡಿಸಿ ನೀರು ತುಂಬಿ. ಚಿಕ್ಕದನ್ನು ನೀವು ಒತ್ತಿ, ದೊಡ್ಡದನ್ನು ಗೆಳೆಯ ತಡೆಯಲಿ. ಯಾರು ಗೆದ್ದರು? ಈಗ ಅರ್ಧದಷ್ಟು ಗಾಳಿ ಬಿಟ್ಟು ಮತ್ತೆ ಒತ್ತಿ. ಬೆರಳಿಗೆ ಏನು ವ್ಯತ್ಯಾಸ ತಿಳಿಯಿತು, ಯಾಕೆ, ನಿಮ್ಮ ನೋಟ್‌ಪುಸ್ತಕದಲ್ಲಿ ಬರೆಯಿರಿ.