ಕಾಗದದ ರೋಗಿಗಳು

ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತವನಿಗೆ ಜಗತ್ತಿನಲ್ಲಿ ಎರಡೇ ವರ್ಗಗಳು ಕಾಣುತ್ತವೆ: ಒಳಗೆ ಹೋದವರು, ಇನ್ನೂ ಹೋಗದವರು. ಕಳೆದ ತಿಂಗಳು ನನ್ನ ತಾಯಿಯವರನ್ನು ಕರೆದುಕೊಂಡು ಹೋದಾಗ ನಾನು ಎರಡನೆಯ ವರ್ಗಕ್ಕೆ ಸೇರಿದ್ದೆ. ಚೀಟಿಯಲ್ಲಿ ಬರೆದಿದ್ದುದು 10 ಗಂಟೆ. ಕರೆ ಬಂದುದು 12 ದಾಟಿದ ಮೇಲೆ. ವೈದ್ಯರ ಮೇಲೆ ನನಗೆ ಬಂದ ಸಿಟ್ಟು ಸಾಮಾನ್ಯವಾದುದಲ್ಲ.

ಮನೆಗೆ ಬಂದು ಲೆಕ್ಕ ಹಾಕಿ ನೋಡಿದ ಮೇಲೆ ಆ ಸಿಟ್ಟು ತುಸು ನಾಚಿತು. ಒಬ್ಬೊಬ್ಬರಿಗೆ ಸರಾಸರಿ 5 ನಿಮಿಷ ಬೇಕೆಂದು 5 ನಿಮಿಷಕ್ಕೊಬ್ಬರನ್ನು ಬರಹೇಳಿದ್ದಾರೆನ್ನಿ. ಮೊದಲನೆಯವರದು 2 ನಿಮಿಷದಲ್ಲಿ ಮುಗಿಯಿತು. ವೈದ್ಯರು 3 ನಿಮಿಷ ಸುಮ್ಮನೆ ಕುಳಿತರು. ಎರಡನೆಯವರಿಗೆ 8 ನಿಮಿಷ ಹಿಡಿಯಿತು. ಮೂರನೆಯವರು 3 ನಿಮಿಷ ಕಾದರು. ಸರಾಸರಿ ಐದೇ, ಆದರೂ ಕಾಯುವುದು ತಪ್ಪಲಿಲ್ಲ. ಉಳಿದ ನಿಮಿಷವನ್ನು ಗಂಟುಕಟ್ಟಿ ಇಡಲಾಗದು; ತಡವಾದ ನಿಮಿಷ ಮಾತ್ರ ಸಾಲದಂತೆ ಹಿಂದಿನವರ ತಲೆಗೆ ಬರುತ್ತದೆ.

ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೇಯ್ಲಿ ಅವರು 1952ರಲ್ಲಿ ಪ್ರಕಟಿಸಿದ ಅಧ್ಯಯನದ ವಸ್ತು ಈ ಸರದಿಯೇ. ಜೀವಂತ ರೋಗಿಗಳ ಮೇಲೆ ಪ್ರಯೋಗ ನಡೆಸುವ ಬದಲು, ಕ್ರಮವಿಲ್ಲದೆ ಬೀಳುವ ಅಂಕಿಗಳ ನೆರವಿನಿಂದ ಅವರು ಕಾಗದದ ಮೇಲೆಯೇ ರೋಗಿಗಳನ್ನು ಸೃಷ್ಟಿಸಿ ಸರದಿಯನ್ನು ನಡೆಸಿ ನೋಡಿದರು. ಆರಂಭಕ್ಕೆ ಇಬ್ಬರು ಬರಲಿ, ಆಮೇಲೆ ಸರಾಸರಿ ಅವಧಿಗೆ ಒಬ್ಬೊಬ್ಬರು ಬರಲಿ ಎಂಬುದು ಅವರ ಸೂತ್ರ. ಇಂದು ಗಣಕಯಂತ್ರವು ನೋಂದಣಿ, ರಕ್ತಪರೀಕ್ಷೆ, ಔಷಧದ ಕಿಟಕಿಗಳನ್ನೆಲ್ಲ ಸೇರಿಸಿ ಇಂತಹ ಸಾವಿರ ದಿನಗಳನ್ನು ಕ್ಷಣಮಾತ್ರದಲ್ಲಿ ನಡೆಸಿ ತೋರಿಸುತ್ತದೆ. ಒಂದು ಕೋಣೆ ಹೆಚ್ಚಿಸಿದರೆ ಏನಾದೀತೆಂಬುದು ಗೋಡೆ ಕಟ್ಟುವ ಮೊದಲೇ ತಿಳಿಯುತ್ತದೆ.

ಯಂತ್ರಕ್ಕೆ ಈ ಬಗೆಯ ಆಟ ಕಲಿಸುವ ಯೋಚನೆ ಮೊಳೆತುದೂ ಒಬ್ಬ ರೋಗಿಯಲ್ಲೇ ಎಂಬುದು ಸ್ವಾರಸ್ಯ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಒಂಟಿಯಾಗಿ ಇಸ್ಪೀಟು ಆಡುತ್ತಿದ್ದರು. ಗೆಲುವಿನ ಸಂಭವವನ್ನು ಸೂತ್ರದಿಂದ ಗುಣಿಸುವುದಕ್ಕಿಂತ, ನೂರು ಸಲ ಆಡಿ ಎಣಿಸುವುದು ಲೇಸೆಂದು ಅವರಿಗೆ ಹೊಳೆಯಿತು.

ಆದರೆ ಒಂದು ಪ್ರಶ್ನೆಯನ್ನು ಯಂತ್ರ ನಮಗೇ ಬಿಡುತ್ತದೆ. ವೈದ್ಯರು ಬಿಡುವಾಗಿ ಕುಳಿತ ಒಂದು ನಿಮಿಷಕ್ಕೆ ರೋಗಿಗಳು ಕಾದ ಎಷ್ಟು ನಿಮಿಷ ಸಮ? ಆ ತಕ್ಕಡಿಯ ಕಲ್ಲನ್ನು ಮನುಷ್ಯನೇ ಇಡಬೇಕು.

ಅಂದು ವೈದ್ಯರು ನನ್ನ ತಾಯಿಯವರ ಮಾತನ್ನು ಅರ್ಧಕ್ಕೆ ತಡೆಯದೆ 20 ನಿಮಿಷ ಕೇಳಿದರು. ಹೊರಗಿನ ಬೆಂಚಿನ ಮೇಲೆ ಕುಳಿತವರ ನೆನಪು ಆಗ ನನಗೆ ಬರಲೇ ಇಲ್ಲ.